‘ಕಳ್ಳೆಂ’ ಎಂಬ ಮಾತು: ವಾಸ್ಕೋದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗನಿಗೆ ಕನ್ನಡ ಬರುವುದಿಲ್ಲ, ಅತ್ತೆಯವರನ್ನು ಗೇಟಿನಲ್ಲೇ ಅರ್ಧ ಗಂಟೆ ನಿಲ್ಲಿಸಿದ ಅಂತ ಬರೆದಿದ್ದೆ. ವಯಸ್ಸಾದವರು ಬಿಸಿಲಲ್ಲಿ ನಿಂತರು ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಓದಿ ನನಗೂ ಬಂತು. ಆದರೆ ಕೊನೆಯ ಸಾಲು ಮನಸ್ಸಿನಲ್ಲಿ ಕೂತುಬಿಟ್ಟಿದೆ. ‘ಹೊಟ್ಟೆಪಾಡಿಗೆ ಬಂದ ಮೇಲೆ ಭಾಷೆ ಕಲೀಬೇಕು ತಾನೆ?’ ಈ ಮಾತನ್ನು ನಾನು ಗೋವಾದ ವಾಸ್ಕೋದಲ್ಲಿ ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ. ಇಲ್ಲಿ ಅದನ್ನು ಕೊಂಕಣಿಯಲ್ಲಿ ಹೇಳುತ್ತಾರೆ. ಹೇಳುವುದು ನಮ್ಮವರಿಗೆ.

ಗೋವಾ ಅಂದರೆ ನಿನಗೆ ಬೀಚು. ನನಗೆ ವಾಸ್ಕೋ ಕಡೆಯ ಬೈನಾ, ಝುವಾರಿನಗರದ ಕೇರಿಗಳು, ಅಲ್ಲಿಗೆ ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಯಿಂದ ರೈಲು ಹತ್ತಿ ಬಂದವರು. 2011ರ ಜನಗಣತಿಯಲ್ಲಿ ಗೋವಾದ ನೂರು ಜನರಲ್ಲಿ ನಾಲ್ಕಕ್ಕಿಂತ ಜಾಸ್ತಿ ಜನ ತಮ್ಮ ಮಾತು ಕನ್ನಡ ಅಂತ ಬರೆಸಿದ್ದಾರೆ. ಗಾರೆ ಕೆಲಸ, ಮನೆಗೆಲಸ, ತರಕಾರಿ ಮಾರಾಟ. ಬೆಳಗ್ಗೆ ಸೈಕಲ್ ಹಾರ್ನ್ ಒತ್ತುತ್ತಾ ಬ್ರೆಡ್ ತರುವ ಹುಡುಗರಲ್ಲೂ ನಮ್ಮ ಕಡೆಯವರು ಎಷ್ಟೋ ಮಂದಿ. ಇಲ್ಲಿನ ಗುಂಡನೆಯ ಬ್ರೆಡ್ಡಿಗೆ ಉಂಡೊ ಅನ್ನುತ್ತಾರೆ, ಎರಡಾದರೆ ಉಂಡೆ. ಊರಿಂದ ಬಂದ ಹೊಸತರಲ್ಲಿ ಒಬ್ಬ ಹುಡುಗ, ‘ಈ ಊರಾಗ ಮುಂಜಾನೆದ್ದು ಎಲ್ಲಾರೂ ಉಂಡಿ ತಿಂತಾರೇನ್ರಿ?’ ಅಂತ ಕೇಳಿದ್ದ. ಅವನಿಗೆ ನೆನಪಾದದ್ದು ಅವನ ಅವ್ವ ಕಟ್ಟುವ ಶೇಂಗಾ ಉಂಡೆ.

ಎರಡು ಭಾಷೆಗೂ ಇಂಥ ಒಂದೇ ದನಿಯ ಮಾತುಗಳು ಬಹಳ. ಕೊಂಕಣಿಯಲ್ಲಿ ‘ನಾ’ ಅಂದರೆ ಇಲ್ಲ. ನಾಳೆ ಕೆಲಸಕ್ಕೆ ಯಾರು ಬರುತ್ತೀರಿ ಅಂತ ಮೇಸ್ತ್ರಿ ಕೇಳುತ್ತಾನೆ. ‘ನಾ...’ ಅಂತ ನಮ್ಮ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಪಕ್ಕದವನ ಕಡೆ ತಿರುಗಿರುತ್ತಾನೆ. ಒಂದು ದಿನದ ಕೂಲಿ ಹೋಯಿತು.

ಇದಕ್ಕಿಂತ ಕೆಟ್ಟದ್ದು ಹೋದ ಮಳೆಗಾಲದಲ್ಲಿ ನಡೆಯಿತು. ರೋಣದ ಕಡೆಯ ಒಬ್ಬ ಹೆಣ್ಣುಮಗಳು ರಾತ್ರಿ ನನ್ನ ಔಷಧಿ ಅಂಗಡಿ ಮುಚ್ಚುವ ಹೊತ್ತಿಗೆ ಬಂದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ‘ಅಣ್ಣಾರ, ನನ್ನ ಕಳ್ಳಿ ಅಂದ್ರು.’ ಹೊಸ ಮನೆ, ಕೆಲಸಕ್ಕೆ ಸೇರಿ ಹನ್ನೆರಡು ದಿನ. ಅವತ್ತು ಮನೆಯೊಡತಿ ಗಾಜಿನ ಬೀರುವಿನ ಮುಂದೆ ನಿಲ್ಲಿಸಿಕೊಂಡು ಏನೇನೋ ಹೇಳಿದ್ದಾರೆ. ಬೀರುವಿನ ಕಡೆ ಬೆರಳು ಮಾಡಿದ್ದಾರೆ, ಇವಳ ಮುಖ ನೋಡಿದ್ದಾರೆ. ಮೂರು ಸಲ ಅದೇ ಮಾತು ಅಂದಿದ್ದಾರೆ. ಇವಳು ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಬಂದಿದ್ದಾಳೆ. ಹನ್ನೆರಡು ದಿನದ ದುಡ್ಡೂ ಕೇಳಿಲ್ಲ.

ಅವರ ಬಾಯಿಂದ ಬಂದದ್ದು ಹೇಗಿತ್ತೋ ಹಾಗೇ ಹೇಳು ಅಂದೆ. ‘ಕಳ್ಳೆಂ? ಕಳ್ಳೆಂ ಮೂ?’ ಅಂದಳು.

ಗೆಳೆಯ, ಕೊಂಕಣಿಯಲ್ಲಿ ‘ಕಳ್ಳೆಂ?’ ಅಂದರೆ ‘ತಿಳೀತಾ?’ ಅಂತ ಅರ್ಥ. ಅಷ್ಟೇ. ಬೀರು ಯಾವ ಬಟ್ಟೆಯಿಂದ ಒರೆಸಬೇಕು ಅಂತ ಆಕೆ ತೋರಿಸುತ್ತಿದ್ದರು. ನಾನು ಹೇಳಿದ್ದನ್ನು ಇವಳು ಮೊದಲು ನಂಬಲೇ ಇಲ್ಲ. ನಂಬಿದ ಮೇಲೆ ಇನ್ನೂ ಜಾಸ್ತಿ ಅತ್ತಳು.

ಮರುದಿನ ಇಬ್ಬರೂ ಆ ಮನೆಗೆ ಹೋದೆವು. ಆಕೆ ನಿವೃತ್ತ ಟೀಚರ್. ವಿಷಯ ಕೇಳಿದವರೇ ಬಲ್ಕಾಂವ್ ಮೇಲೆ, ಅಂದರೆ ಇಲ್ಲಿನ ಮನೆಗಳ ಮುಂದಿನ ಕಟ್ಟೆಯ ಮೇಲೆ, ಕುಸಿದು ಕೂತರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನನ್ನನ್ನು ಕೇಳಿದರು: ‘ತುಮ್ಚ್ಯಾ ಭಾಶೆಂತ್ ಕಿತೆಂ ಮ್ಹಣ್ಟಾತ್?’ ನಿಮ್ಮ ಭಾಷೆಯಲ್ಲಿ ಏನಂತೀರಿ? ನಾನು ಬಾಯಿ ತೆರೆಯುವ ಮೊದಲೇ ಇವಳು ತಲೆ ಎತ್ತಿ, ‘ತಿಳೀತೇನ ಅನ್ರಿ ಅಕ್ಕಾರ’ ಅಂದಳು. ಈಗ ಆ ಮನೆಯಲ್ಲಿ ‘ತಿಳೀತೇನ’ ನಡೆಯುತ್ತದೆ.

ಎಲ್ಲರೂ ಹೀಗೆ ಬಂದು ಹೇಳಿಕೊಳ್ಳುವುದಿಲ್ಲ. ಸುಮ್ನೆ ತಲೆ ಆಡಿಸುತ್ತಾರೆ. ಕೆಲಸ ಹೋಗುತ್ತದೆ ಅಂತ ಹೆದರಿಕೆ, ದಡ್ಡರು ಅಂದುಕೊಳ್ಳುತ್ತಾರೆ ಅಂತ ನಾಚಿಕೆ. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಕೆಲವರು ‘ಘಾಂಟಿ’ ಅಂತ ಹೀಯಾಳಿಸುತ್ತಾರೆ. ಅದೊಂದನ್ನು ಕೇಳಿಸಿಕೊಂಡವರು ಇನ್ನೊಂದು ಸಲ ‘ಅರ್ಥ ಆಗಲಿಲ್ಲ’ ಅನ್ನುವುದಿಲ್ಲ. ಒಬ್ಬ ತಾಯಿಗೆ ಬೇರೊಂದು ಅಂಗಡಿಯಲ್ಲಿ ಮಗುವಿನ ಜ್ವರಕ್ಕೆ ಪುಡಿ ಇರುವ ಸಿರಪ್ ಬಾಟಲಿ ಕೊಟ್ಟಿದ್ದರು. ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಅಲುಗಾಡಿಸಬೇಕು. ಹೇಳಿದ್ದರು, ಅವಳೂ ತಲೆ ಆಡಿಸಿದ್ದಳು. ಮನೆಗೆ ಹೋಗಿ ಒಣ ಪುಡಿಯನ್ನೇ ಚಮಚದಲ್ಲಿ ಕೊಟ್ಟಿದ್ದಳು. ಮಗು ವಾಂತಿ ಮಾಡಿಕೊಂಡ ಮೇಲೆ ನನ್ನ ಹತ್ತಿರ ಓಡಿ ಬಂದಳು. ತಕ್ಷಣ ಡಾಕ್ಟರ ಹತ್ತಿರ ಕಳಿಸಿದೆ. ದೇವರು ದೊಡ್ಡವನು, ಮಗು ಚೆನ್ನಾಗಿದೆ.

ನಾನೂ ತಪ್ಪು ಮಾಡಿದ್ದೇನೆ. ಕನ್ನಡದಲ್ಲಿ ಹೇಳಿಬಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ವಿಜಯಪುರ ಕಡೆಯ ಒಬ್ಬ ಅಜ್ಜಿ ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅನ್ನುತ್ತಿದ್ದರು. ಅವರ ಮನೆಮಾತು ಲಂಬಾಣಿ. ನನ್ನ ಧಾರವಾಡದ ಕನ್ನಡ ಅವರಿಗೆ ಅರ್ಧ ಮಾತ್ರ ಹತ್ತುತ್ತಿತ್ತು. ಅಂಥ ಲಂಬಾಣಿ ಹೆಂಗಸರೇ ಅಂಜುನಾ ಬೀಚಿನ ಬುಧವಾರದ ಸಂತೆಯಲ್ಲಿ ಸರ ಮಾರುತ್ತಾ ಇಂಗ್ಲಿಷ್, ರಷ್ಯನ್‌ನಲ್ಲಿ ಚೌಕಾಸಿ ಮಾಡುತ್ತಾರೆ! ಭಾಷೆ ಬಾರದಿರುವುದು ಕಲಿಯುವ ಶಕ್ತಿ ಇಲ್ಲದ್ದಕ್ಕೆ ಅಲ್ಲ ಕಣೋ. ಎದುರಿಗಿರುವವರು ನಿಂತು ಮಾತಾಡಿಸಿದರೆ ಭಾಷೆ ಬರುತ್ತದೆ. ಗದರಿಸಿದರೆ ಗಂಟಲೇ ಕಟ್ಟುತ್ತದೆ. ಈಗ ನಾನು ಮಾತ್ರೆಯ ಹಾಳೆಯ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬರೆಯುತ್ತೇನೆ. ಆಮೇಲೆ ಅವರಿಂದಲೇ ಹೇಳಿಸುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.

ಕೊಂಕಣಿಗರ ನೋವೂ ಸಣ್ಣದಲ್ಲ. 1684ರಲ್ಲಿ ಪೋರ್ಚುಗೀಸರು ಕೊಂಕಣಿ ಬಿಡಿ, ಮೂರು ವರ್ಷದಲ್ಲಿ ಪೋರ್ಚುಗೀಸ್ ಕಲಿಯಿರಿ ಅಂತ ಇದೇ ನೆಲದಲ್ಲಿ ಆಜ್ಞೆ ಮಾಡಿದ್ದರು. ಕೊಂಕಣಿ ರಾಜ್ಯಭಾಷೆ ಆದದ್ದು 1987ರಲ್ಲಿ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡವರಿಗೆ ತಮ್ಮೂರಿನ ಅಂಗಡಿಯಲ್ಲೇ ತಮ್ಮ ಮಾತು ನಡೆಯದಿದ್ದರೆ ಸಂಕಟ ಆಗುತ್ತದೆ. ಕನ್ನಡಕ್ಕಾಗಿ ನಿನಗೆ ಆಗುವ ಸಂಕಟವೂ ಅದೇ ಅಲ್ವಾ? ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕನ್ನಡ ಬೇಕೇ ಬೇಕು. ಅಲ್ಲಿ ಜಗಳ ಮಾಡು, ನಾನೂ ನಿನ್ನ ಜೊತೆ ಇದ್ದೇನೆ. ಆದರೆ ಆ ಲೆಕ್ಕವನ್ನು ಗೇಟಿನ ಹುಡುಗನ ಮೇಲೆ ಹಾಕಬೇಡ. ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವನಿಗೆ ಕಲಿಸುವವರು ಯಾರು, ಯಾವಾಗ ಕಲಿಸುತ್ತಾರೆ?

ಇಲ್ಲಿ ನಮ್ಮವರಿಗೆ ಒಂದು ಹಾಳೆ ಬರೆದು ಹಂಚುತ್ತಿದ್ದೇನೆ. ಕೊಂಕಣಿ ಮಾತು, ಕನ್ನಡ ಅಕ್ಷರ. ಮಂಗಳೂರು, ಕುಮಟಾ ಕಡೆಯ ಕೊಂಕಣಿಗರು ಹಾಗೇ ಬರೆಯುತ್ತಾರಲ್ಲ, ಅದೇ ಧೈರ್ಯ. ‘ಕಳ್ಳೆಂ ನಾ’, ಅಂದರೆ ‘ತಿಳೀಲಿಲ್ಲ’, ಎಲ್ಲಕ್ಕಿಂತ ಮೇಲೆ ಇದೆ. ಅದನ್ನು ಜೋರಾಗಿ ಹೇಳಿಸಿ ರೂಢಿ ಮಾಡಿಸುತ್ತೇನೆ. ಒಂದು ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ.

ನಿಮ್ಮ ಗೇಟಿಗೂ ಇಂಥದ್ದೊಂದು ಮಾಡಬಹುದು. ಆದರೆ ಕನ್ನಡ ಮಾತಿನ ಪಕ್ಕದಲ್ಲಿ ಅರ್ಥವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಅಂತ ನನಗೆ ಗೊತ್ತಿಲ್ಲ. ಆ ಹುಡುಗ ಯಾವ ಊರಿನವನು, ಅವನ ಮನೆಮಾತು ಯಾವುದು ಅಂತ ನಿನ್ನ ಪತ್ರದಲ್ಲಿ ಇರಲಿಲ್ಲ. ಕೇಳಿ ಬರಿ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ವಾಸ್ಕೋದ ಗೆಳೆಯ