ಎಲೆ ಯಾಕೆ ಬಾಡಲಿಲ್ಲ?

ಪುಟ್ಟಿಗೆ ಆಶೀರ್ವಾದಗಳು.

ಒಂದೇ ಸೂರಿನ ಕೆಳಗಿದ್ದುಕೊಂಡು ಅಪ್ಪ ಪತ್ರ ಬರೆದನೆಂದು ನೀನು ನಗಬಹುದು. ಆದರೆ ನಿನ್ನೆ ರಾತ್ರಿ ಜಗಲಿಯಲ್ಲಿ ಮಾತಿಗೆ ಮಾತು ಬೆಳೆದ ಮೇಲೆ ನಾವಿಬ್ಬರೂ ಮುಖ ಕೊಟ್ಟು ಮಾತನಾಡಿಲ್ಲ, ಭಾನುವಾರ ನೀನು ರಾಯಚೂರಿನ ಬಸ್ಸು ಹತ್ತುವವಳು. ಎಂ.ಎಸ್ಸಿ. ಮಾಡಿದವಳು ಅಷ್ಟು ದೂರದ ಪ್ರೌಢಶಾಲೆಗೆ ಹೋಗಬೇಕೇ ಎಂದು ನಾನು ಕೇಳಬಾರದಿತ್ತು. ಮೂವತ್ತು ವರ್ಷ ಅದೇ ಕೆಲಸದ ಅನ್ನ ತಿಂದವನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನನಗೇ ನಾಚಿಕೆಯಾಗಿದೆ. ನೀನು ಕೊಟ್ಟ ಉತ್ತರ ಮಾತ್ರ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. "ಹೋಗುತ್ತೇನೆ ಅಪ್ಪ, ಆದರೆ ನಿಮ್ಮ ಹಾಗೆ ಪಾಠ ಮಾಡುವುದಿಲ್ಲ" ಎಂದೆ. ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆಂದೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ.

ಅಜ್ಜಿ ನೆಟ್ಟ ಸಂಪಿಗೆ ಗಿಡದ ವಿಷಯ. ಬೆತ್ತದ ಭಾಗ ನಮ್ಮಿಬ್ಬರಿಗೂ ನೆನಪಿದೆ, ಅದನ್ನು ಬರೆಯುವುದಿಲ್ಲ. ನಿನಗೆ ಗೊತ್ತಿಲ್ಲದ ಭಾಗವೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ತರಗತಿಯಲ್ಲಿ ನಾನು ಗಂಟೆ ಬಾರಿಸುವ ಹೊತ್ತಿನ ಅವಸರದಲ್ಲಿ, ಕಾಂಡದ ಸುತ್ತ ಉಂಗುರದಂತೆ ತೊಗಟೆ ತೆಗೆದರೆ ಮರ ಸಾಯುತ್ತದೆ ಎಂದು ಒಂದು ವಾಕ್ಯ ಹೇಳಿ ಪುಸ್ತಕ ಮುಚ್ಚಿದ್ದೆ. ನೀನು ಮನೆಗೆ ಬಂದು ಎರಡು ಬೆರಳಗಲ ತೊಗಟೆ ಸುಲಿದೆ, ಮೂರು ದಿನ ಬೆಳಗ್ಗೆ ಸಂಜೆ ಹೋಗಿ ನೋಡಿದೆ, ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ನೀನಾಗಿಯೇ ಹೇಳಿದೆ. ತಪ್ಪೊಪ್ಪಿಕೊಳ್ಳಲು ಬಂದವಳಲ್ಲ ನೀನು, ಪ್ರಶ್ನೆ ಕೇಳಲು ಬಂದವಳು: "ಅಪ್ಪ, ನೀರು ಹೋಗುವ ದಾರಿ ಕಡಿದರೂ ಎಲೆ ಯಾಕೆ ಬಾಡಲಿಲ್ಲ?" ಏಳನೆಯ ತರಗತಿಯ ಹುಡುಗಿ ಕೇಳಿದ ಆ ಪ್ರಶ್ನೆಯನ್ನು ನನ್ನ ಇಡೀ ನೌಕರಿಯಲ್ಲಿ ಬೇರೆ ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಅದಕ್ಕೆ ನಾನು ಬಾಯಿಂದ ಉತ್ತರ ಕೊಡಲಿಲ್ಲ.

ಈಗ ಕೊಡುತ್ತೇನೆ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಆದರೂ ಓದು.

ನೀರಿನ ದಾರಿಯನ್ನು ನೀನು ಕಡಿದಿರಲೇ ಇಲ್ಲ. ಅದು ತೊಗಟೆಯಲ್ಲಿಲ್ಲ, ಒಳಗಿನ ಕಟ್ಟಿಗೆಯಲ್ಲಿದೆ. ಆ ದಾರಿಗೆ ಕ್ಸೈಲಂ ಎಂದು ಹೆಸರು. ಅದರ ನಾಳಗಳ ಕೋಶಗಳು ಬೆಳೆದು, ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿಕೊಂಡು ಗಡುಸಾಗಿ, ಆಮೇಲೆ ಸಾಯುತ್ತವೆ. ಸತ್ತ ಮೇಲೆಯೇ ಅವು ಕೆಲಸಕ್ಕೆ ಬರುತ್ತವೆ, ಏಕೆಂದರೆ ಒಳಗಿನ ಜೀವದ್ರವ್ಯ ಹೋಗಿ, ಒಂದರ ಮೇಲೊಂದು ಕುಳಿತ ಕೋಶಗಳ ನಡುವಿನ ಅಡ್ಡಗೋಡೆ ಕರಗಿದಾಗ ಮಾತ್ರ ಅದು ಕೊಳವೆಯಾಗುತ್ತದೆ. ಆ ಕೊಳವೆಯಲ್ಲಿ ನೀರನ್ನು ಏರಿಸುವ ಪಂಪು ಎಲ್ಲಿದೆ ಎಂಬುದು ದೊಡ್ಡ ಜಗಳವೇ ಆಗಿತ್ತು. ಗಾಳಿಯ ಒತ್ತಡದಿಂದ ನೀರು ಸುಮಾರು 10 ಮೀಟರ್ ಮಾತ್ರ ಏರಬಲ್ಲದು. ನಮ್ಮ ತೋಟದ ಸಿಲ್ವರ್ ಓಕ್ ಅದನ್ನು ಯಾವಾಗಲೋ ದಾಟಿದೆ, ಅಮೆರಿಕದ ರೆಡ್‌ವುಡ್ ಮರವೊಂದು ಸುಮಾರು 116 ಮೀಟರ್ ಇದೆ. ಕಾಂಡದ ಜೀವಂತ ಕೋಶಗಳು ಮಿಡಿಯುತ್ತ ನೀರನ್ನು ಮೇಲಕ್ಕೆ ದೂಡುತ್ತವೆ ಎಂದು ಜಗದೀಶಚಂದ್ರ ಬೋಸರು 1923ರಲ್ಲಿ ಪುಸ್ತಕ ಬರೆದು ವಾದಿಸಿದರು. ಆ ವಾದ ನಿಲ್ಲಲಿಲ್ಲ. ನಿಂತದ್ದು ಡಬ್ಲಿನ್ನಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ಮಾತು: ನೀರನ್ನು ಕೆಳಗಿನಿಂದ ಯಾರೂ ದೂಡುವುದಿಲ್ಲ, ಎಲೆಯಿಂದ ಆವಿಯಾಗುವ ಪ್ರತಿ ಹನಿಯೂ ತನ್ನ ಹಿಂದಿನ ಹನಿಯನ್ನು ಎಳೆಯುತ್ತದೆ, ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ಬೇರಿನ ತುದಿಯವರೆಗೂ ತಲುಪುತ್ತದೆ. ಕೊಳವೆಯ ಗೋಡೆ ಅಷ್ಟು ಗಟ್ಟಿಯಾಗಿರುವುದು ಆ ಎಳೆತಕ್ಕೆ ಒಳಗೆ ಕುಸಿಯದಿರಲೆಂದು.

ಹಾಗಾಗಿ ನಿನ್ನ ಸಂಪಿಗೆಯ ಎಲೆಗೆ ನೀರು ಬರುತ್ತಲೇ ಇತ್ತು, ಎಲೆ ಹಸಿರಾಗಿಯೇ ಇತ್ತು, ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತಲೇ ಇತ್ತು. ನೀನು ಕಡಿದದ್ದು ಆ ಸಕ್ಕರೆ ಇಳಿಯುವ ದಾರಿಯನ್ನು. ಫ್ಲೋಯಂ ಎಂಬ ಆ ದಾರಿ ತೊಗಟೆ ಸುಲಿದಾಗ ಅದಕ್ಕೆ ಅಂಟಿಕೊಂಡು ಬಂದುಬಿಡುತ್ತದೆ. ಇಳಿಯಲಾರದ ಆಹಾರ ಗಾಯದ ಮೇಲ್ತುಟಿಯಲ್ಲಿ ತುಂಬಿಕೊಂಡು ಅಲ್ಲಿ ಕಾಂಡ ಊದಿಕೊಳ್ಳುತ್ತದೆ. ಇಟಲಿಯ ವಿಜ್ಞಾನಿ ಮಾಲ್ಪಿಘಿ ಹದಿನೇಳನೆಯ ಶತಮಾನದಲ್ಲಿಯೇ ಇದನ್ನು ಕಂಡಿದ್ದ. ಕೆಳಗೆ ಬೇರು ಕೂಡಿಟ್ಟದ್ದನ್ನೆಲ್ಲ ಉಂಡು ಮುಗಿಸಿ, ನಂತರ ಹಸಿವಿನಿಂದ ಸಾಯುತ್ತದೆ. ಬೇರು ಸತ್ತ ಮೇಲೆ ನೀರಿಲ್ಲ, ಆಗ ಎಲೆ ಬಾಡುತ್ತದೆ. ನೀನು ಮೂರು ದಿನ ಕಾದೆ, ಕಾಯಬೇಕಾಗಿದ್ದುದು ತಿಂಗಳುಗಟ್ಟಲೆ.

ದೀಪಾವಳಿಯ ಹೊತ್ತಿಗೆ ಸುಲಿದ ಗಿಡ ಯುಗಾದಿಗೆ ಚಿಗುರಲಿಲ್ಲ. ನಡುವಿನ ಐದು ತಿಂಗಳು ಅದು ಹಸಿರಾಗಿ ನಿಂತಿತ್ತು. ಗೊತ್ತಿಲ್ಲದ ಭಾಗವೆಂದೆನಲ್ಲ, ಅದು ಇದು: ಅಂಥ ಗಿಡವನ್ನು ಉಳಿಸಿಕೊಳ್ಳುವ ಉಪಾಯವೊಂದಿದೆ, ಅದು ಅಂದೇ ನನಗೆ ಗೊತ್ತಿತ್ತು. ಅದೇ ಗಿಡದ ಎಳೆಯ ಕಡ್ಡಿಗಳನ್ನು ಎರಡೂ ತುದಿ ಚೂಪು ಮಾಡಿ, ಗಾಯದ ಮೇಲ್ತುಟಿಗೂ ಕೆಳತುಟಿಗೂ ತೊಗಟೆಯ ಅಡಿಯಲ್ಲಿ ಸಿಕ್ಕಿಸಿ, ಬಿಗಿದು ಮೇಣ ಬಳಿದರೆ ಅವು ಕೂಡಿಕೊಂಡು ಆಹಾರಕ್ಕೆ ಸೇತುವೆಯಾಗುತ್ತವೆ. ಸೇತುವೆ ಕಸಿ ಎನ್ನುತ್ತಾರೆ. ಎಲ್ಲ ಸಲವೂ ಕೂಡುವುದಿಲ್ಲ, ಆದರೆ ನಾನು ಪ್ರಯತ್ನಿಸಲೂ ಇಲ್ಲ. ಕಾಫಿ ಗಿಡಕ್ಕೆ ಕಸಿ ಕಟ್ಟುವ ಚಾಕು ಅಟ್ಟದ ಮೇಲಿತ್ತು. ಮಾಡಿದ್ದಕ್ಕೆ ಅನುಭವಿಸಲಿ, ದಿನಾ ಶಾಲೆಗೆ ಹೋಗುವಾಗ ನೋಡಲಿ ಎಂದು ಬಿಟ್ಟೆ. ಗಿಡ ಒಣಗಿದಾಗ ನೀನು ಅಜ್ಜಿಯ ಕಾಲು ಹಿಡಿದು ಅತ್ತದ್ದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ. ಗಿಡವನ್ನು ಸುಲಿದವಳು ನೀನು, ಸಾಯಗೊಟ್ಟವನು ನಾನು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ಈ ವರ್ಷ ಕೆಳಗಿನ ಪಟ್ಟೆಯ ಅರೇಬಿಕಾ ಕಾಫಿಯಲ್ಲಿ ಬಿಳಿ ಕಾಂಡಕೊರಕ ಬಂದಿದೆ. ಮೊನ್ನೆ ಒಂದು ಗಿಡ ಕಿತ್ತು ಸೀಳಿದಾಗ ಕಟ್ಟಿಗೆಯ ಒಳಗೆ ಹುಳು ಕೊರೆದ ಸುರಂಗ ಕಂಡಿತು. ಅದು ನೀರಿನ ದಾರಿಯನ್ನೇ ಕಡಿಯುವುದರಿಂದ ಅಲ್ಲಿ ಎಲೆ ಮೊದಲು ಹಳದಿಯಾಗಿ ಬಾಡುತ್ತದೆ. ನೆರಳಿನ ಮರಗಳನ್ನು ಅಷ್ಟೊಂದು ಸವರಬೇಡಿ, ಬಿಸಿಲು ಬಿದ್ದಲ್ಲಿ ಆ ಕೀಟ ಹೆಚ್ಚು ಎಂದು ನೀನು ಎರಡು ವರ್ಷದ ಹಿಂದೆಯೇ ಹೇಳಿದ್ದೆ. ನಾನು ಕೇಳಲಿಲ್ಲ. ಅದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಉಪದೇಶ ಮಾಡಬಾರದೆಂದು ಕುಳಿತಿದ್ದೆ, ಆದರೂ ಒಂದೆರಡು. ಮಲೆನಾಡಿನ ಉದಾಹರಣೆಗಳನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡ. ಕಾಫಿಯ ಎಲೆಯಲ್ಲಿ ಗಾಳಿ ಹೋಗಿಬರುವ ಸಣ್ಣ ತೂತುಗಳು, ಅಂದರೆ ಪತ್ರರಂಧ್ರಗಳೆಲ್ಲ, ಕೆಳಮೈಯಲ್ಲಿವೆ ಎಂದರೆ ಕಾಫಿ ಗಿಡವನ್ನೇ ಕಾಣದ ಮಕ್ಕಳು ಏನು ಮಾಡಿಯಾರು? ಅವರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದನ್ನು ತೋರಿಸು, ಸಂಜೆ ಬಿಚ್ಚಿಕೊಳ್ಳುವುದನ್ನೂ ತೋರಿಸು. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಎಲೆಯಿಂದ ಆವಿಯಾಗಿ ಹೋಗುತ್ತದೆ ಎಂದರೆ, ಗಿಡ ಅಷ್ಟೇಕೆ ಪೋಲು ಮಾಡುತ್ತದೆ ಎಂದು ನೀರಿಗೆ ಕಷ್ಟವಿರುವ ಊರಿನ ಮಗು ಕೇಳೀತು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕಾದರೆ ಪತ್ರರಂಧ್ರದ ಬಾಗಿಲು ತೆರೆಯಲೇಬೇಕು, ತೆರೆದ ಬಾಗಿಲಿನಿಂದಲೇ ನೀರೂ ಹೋಗುತ್ತದೆ. ಆ ಬಾಗಿಲನ್ನು ಕಾಯುವ ಎರಡು ಕೋಶಗಳು ನೀರು ತುಂಬಿ ಉಬ್ಬಿದಾಗ ಬಾಗಿ ದಾರಿ ಬಿಡುತ್ತವೆ, ನೀರು ಕಡಿಮೆಯಾದಾಗ ಮುಚ್ಚಿಕೊಳ್ಳುತ್ತವೆ ಎಂದು ಹೇಳು. ಪಾಪಾಸುಕಳ್ಳಿ ಹಗಲು ಬಾಗಿಲು ಹಾಕಿಕೊಂಡು ರಾತ್ರಿ ತೆರೆಯುತ್ತದೆ, ಅದು ಅಲ್ಲಿನ ಬೇಲಿಯಲ್ಲೇ ಸಿಗುತ್ತದೆ. ಗಂಟೆ ಬಾರಿಸಿದರೂ ಪ್ರಶ್ನೆಯನ್ನು ಅರ್ಧಕ್ಕೆ ಬಿಡಬೇಡ. ನೋಡು, ಭಾಷಣವೇ ಆಯಿತು.

ನಿನ್ನ ಬಗ್ಗೆ ಹೆಮ್ಮೆಯಿದೆ ಎಂದು ಬರೆಯಲು ಹೊರಟರೆ ಕೈ ಓಡುವುದಿಲ್ಲ. ಬಿಸಿಲಿಗೆ ಹುಷಾರು. ನೀರು ಕುದಿಸಿ ಕುಡಿ.

ಕರ್ಣಕುಂಡಲದ ಬೀಜವನ್ನು ಪೊಟ್ಟಣ ಕಟ್ಟಿ ನಿನ್ನ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಮ್ಮಲ್ಲಿ ಮಳೆಗಾಲಕ್ಕೆ ದರೆಯ ಮೇಲೆ ತಾನಾಗಿ ಏಳುತ್ತದೆ, ಅಲ್ಲಿ ಕುಂಡದಲ್ಲಿ ನೀರುಣಿಸಿ ಬೆಳೆಸಬೇಕಾದೀತು. ಕಾಂಡ ತಿಳಿಯಾಗಿರುವುದರಿಂದ, ಬೇರು ತೊಳೆದು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿದರೆ ಕೆಂಪು ಗೆರೆ ಏರುವುದು ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಆ ಪೊಟ್ಟಣದ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿದ ಗೇಣುದ್ದದ ಕಟ್ಟಿಗೆಯ ತುಂಡೊಂದಿದೆ. ಸಂಪಿಗೆಯನ್ನು ಕಡಿಸಿದಾಗ ಉಂಗುರದ ಭಾಗವನ್ನು ನಾನು ಎತ್ತಿಟ್ಟುಕೊಂಡಿದ್ದೆ. ಮೇಲ್ತುಟಿಯ ಊತ ಇನ್ನೂ ಸ್ಪಷ್ಟವಾಗಿದೆ, ನಿನ್ನ ಚಾಕುವಿನ ಗುರುತೂ ಇದೆ. ಮಕ್ಕಳ ಕೈಗೆ ಕೊಟ್ಟು ಮುಟ್ಟಿ ನೋಡಲು ಹೇಳು. ಇದು ಎಲ್ಲಿಯದು ಟೀಚರ್ ಎಂದು ಅವರು ಕೇಳಿದರೆ, ಈ ಪತ್ರದಲ್ಲಿರುವುದನ್ನು ಎಷ್ಟು ಹೇಳಬೇಕೆನಿಸುತ್ತದೋ ಅಷ್ಟು ಹೇಳು.

ನಿನ್ನ ಅಪ್ಪ