ಇಕ್ಕೇರಿಗೆ ಬಂದವನ ಪತ್ರ

ಲಂಡನ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು. ನಾನು ಆರಾಮವಾಗಿದ್ದೇನೆ.

ಮಗಳು ಓದುತ್ತಿರುವುದು ಇತಿಹಾಸವೋ, ಸಾಹಿತ್ಯವೋ, ಚಿತ್ರಕಲೆಯೋ ಅಂತ ಸಾಗರದಲ್ಲಿ ಎಲ್ಲರೂ ಕೇಳುತ್ತಾರೆ ಅಂದಿರಲ್ಲ, ಅಪ್ಪ. ಮೂರೂ ಹೌದು. ನಾನು ಓದುತ್ತಿರುವುದು ರಿನೈಸಾನ್ಸ್, ಅಂದರೆ ಯುರೋಪಿನ ಪುನರುಜ್ಜೀವನದ ಕಾಲ. ಆ ಕಾಲದವರನ್ನು ಒಂದೇ ವಿಷಯದೊಳಗೆ ಕೂರಿಸೋಕೆ ಆಗುವುದಿಲ್ಲ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ದೊಡ್ಡ ಚಿತ್ರಕಾರ, ಗಣಿತದ ಪುಸ್ತಕಗಳನ್ನೂ ಬರೆದ. ಅವನನ್ನು ಯಾವ ಡಿಪಾರ್ಟ್‌ಮೆಂಟಿಗೆ ಸೇರಿಸೋದು? ಅದಕ್ಕೇ ನಮಗೆ ಲ್ಯಾಟಿನ್, ಇಟಾಲಿಯನ್, ಹಳೆಯ ಕೈಬರಹ ಓದುವುದು, ಚಿತ್ರ ನೋಡುವುದು, ಎಲ್ಲ ಒಟ್ಟಿಗೆ ಕಲಿಸುತ್ತಾರೆ.

ನಾನು ಜಾಸ್ತಿ ಹೊತ್ತು ಕೂರುವುದು ವಾರ್ಬರ್ಗ್ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ. ಆಬಿ ವಾರ್ಬರ್ಗ್ ಅನ್ನುವವರು ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಟ್ಟಿದ ಪುಸ್ತಕ ಸಂಗ್ರಹ ಇದು. ನಾಜಿಗಳ ಕೈಗೆ ಸಿಗಬಾರದು ಅಂತ 1933ರಲ್ಲಿ ಹಡಗಿನಲ್ಲಿ ಇಲ್ಲಿಗೆ ತಂದರು. ಇಲ್ಲಿ ಪುಸ್ತಕಗಳನ್ನು ಚಿತ್ರ, ಮಾತು, ನಂಬಿಕೆ-ಚಿಂತನೆ, ಕ್ರಿಯೆ ಅಂತ ನಾಲ್ಕು ಭಾಗ ಮಾಡಿ ಜೋಡಿಸಿದ್ದಾರೆ. ಹುಡುಕಿಕೊಂಡು ಹೋದ ಪುಸ್ತಕಕ್ಕಿಂತ ಅದರ ಪಕ್ಕದ್ದೇ ಹೆಚ್ಚು ಉಪಯೋಗಕ್ಕೆ ಬರಲಿ ಅನ್ನುವುದು ಅವರ ಆಸೆ. ನನಗಂತೂ ಅದು ನಿಜವೇ ಆಗಿದೆ.

ಈಗ ಮುಖ್ಯ ಸುದ್ದಿ. ನನ್ನ ಪ್ರಬಂಧದ ವಿಷಯ ನಮ್ಮ ಇಕ್ಕೇರಿಗೇ ಬಂದು ನಿಂತಿದೆ! ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ರೋಮ್ ನಗರದವನು 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಹೊನ್ನಾವರ, ಗೇರುಸೊಪ್ಪೆ, ಆಮೇಲೆ ಘಾಟಿ ಹತ್ತಿ ಇಕ್ಕೇರಿ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರದಲ್ಲಿ ಬರೆದ. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಕುಣಿದದ್ದೂ ಅದರಲ್ಲಿದೆ. ಅವನ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಆಕೆಯ ದೇಹವನ್ನು ಕೆಡದ ಹಾಗೆ ಕಾಪಾಡಿ, ಇಂಡಿಯಾದ ಮೂಲಕ ರೋಮ್‌ವರೆಗೂ ಒಯ್ದ. ಅಂಥ ದುಃಖದಲ್ಲೂ ಎಷ್ಟು ಕಣ್ಣು ತೆರೆದು ನೋಡಿದ್ದಾನೆ ಅಂತ ನನಗೆ ಆಶ್ಚರ್ಯ.

ನನಗೆ ತುಂಬಾ ಇಷ್ಟವಾದದ್ದು ಘಾಟಿ ಹತ್ತುವಾಗ ಒಂದು ಗುಡಿಯ ಜಗಲಿಯಲ್ಲಿ ಅವನು ಕಂಡ ದೃಶ್ಯ. ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ಒಬ್ಬ ರಾಗವಾಗಿ ಹೇಳುತ್ತಾನೆ, ನೆಲದ ಮೇಲೆ ಹರಡಿದ ನುಣುಪು ಮರಳಲ್ಲಿ ಬೆರಳಿಂದ ಬರೆಯುತ್ತಾನೆ. ಉಳಿದವರು ಹಾಗೇ ಹೇಳಿ ಬರೆಯುತ್ತಾರೆ. ಮೇಷ್ಟ್ರು ಇಲ್ಲ. ತಪ್ಪಾದರೆ ಯಾರು ತಿದ್ದುತ್ತಾರೆ ಅಂತ ಕೇಳಿದ. ನಾಲ್ಕೂ ಜನ ಒಂದೇ ಕಡೆ ತಪ್ಪುವುದಿಲ್ಲವಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಅಂದರಂತೆ. ಎಷ್ಟು ಚಂದದ ಉತ್ತರ ಅಲ್ವಾ!

ಈ ಒಂದು ಪುಟಕ್ಕೆ ಇಟಾಲಿಯನ್ ಬೇಕು, ಗಣಿತದ ಚರಿತ್ರೆ ಬೇಕು, ಕೆಳದಿ ನಾಯಕರ ಇತಿಹಾಸ ಬೇಕು. ಜೊತೆಗೆ ಮಗ್ಗಿ ಹಾಡಿಕೊಂಡು ಕಲಿತವರೂ ಬೇಕು. ಅವರು ಇಲ್ಲಿಯ ಯಾವ ಕಪಾಟಿನಲ್ಲೂ ಇಲ್ಲ.

ಅಮ್ಮ, ಅದಕ್ಕೇ ಒಂದು ಕೆಲಸ ಮಾಡಿಕೊಡು. ಅಜ್ಜ ಮರಳಿನ ಮೇಲೆ ತಿದ್ದಿ ಕಲಿತವರಲ್ವಾ? ಆಗ ಮಗ್ಗಿಯನ್ನು ಯಾವ ರಾಗದಲ್ಲಿ ಹೇಳುತ್ತಿದ್ದರು, ಯಾರು ಮೊದಲು ಹೇಳುತ್ತಿದ್ದರು, ಮರಳು ಎಲ್ಲಿಂದ ತರುತ್ತಿದ್ದರು, ಎಲ್ಲ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಅವಸರ ಮಾಡಬೇಡ, ಅವರು ನೆನಪು ಮಾಡಿಕೊಂಡು ಹೇಳಲಿ. ಅಪ್ಪ, ಗೇರುಸೊಪ್ಪೆಯಿಂದ ಮೇಲೆ ಬರುವ ಹಳೇ ಕಾಲುದಾರಿ ಗೊತ್ತಿರುವವರು ಇದ್ದರೆ ವಿಚಾರಿಸಿಡಿ. ರಜೆಗೆ ಬಂದಾಗ ನಾವಿಬ್ಬರೂ ನಡೆದು ಬರೋಣ.

ನಿಮ್ಮ ಪ್ರೀತಿಯ ಮಗಳು