ಗೆಳೆಯನಿಗೊಂದು ಪತ್ರ: ದಾದಾಭಾಯಿಯವರು ಬೇಡವೆಂದ ಲಾಭ

ಪ್ರೀತಿಯ ಗೆಳೆಯ,

ನೀನು ಕೊಟ್ಟುಹೋದ ದಾದಾಭಾಯಿ ನವರೋಜಿಯವರ ಜೀವನಚರಿತ್ರೆಯನ್ನು ಓದಿ ಮುಗಿಸಿ ವಾರವಾಯಿತು. ಅದಿನ್ನೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಒಂದು ಪುಟವನ್ನೂ ಮಡಿಸಿಲ್ಲ.

ಶಾಲೆಯಲ್ಲಿ ನಾವು ಕಲಿತದ್ದು, ಅವರು 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್ ಕ್ಷೇತ್ರದಿಂದ ಐದೇ ಮತಗಳ ಅಂತರದಲ್ಲಿ ಗೆದ್ದು ಬ್ರಿಟಿಷ್ ಸಂಸತ್ತಿಗೆ ಹೋದರು ಎಂಬುದನ್ನಷ್ಟೆ. ನನ್ನನ್ನು ತಡೆದು ನಿಲ್ಲಿಸಿದ್ದು ಅದಕ್ಕಿಂತ ಮೂವತ್ತು ವರ್ಷಕ್ಕೂ ಹಿಂದಿನ ಸಂಗತಿ. ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು, 1855ರಲ್ಲಿ ಕಾಮಾ ಎಂಬ ವ್ಯಾಪಾರ ಕಂಪನಿಯ ಪಾಲುದಾರರಾಗಿ ಲಂಡನ್ನಿಗೆ ಹೋಗಿ, ಅಫೀಮು ಮತ್ತು ಮದ್ಯದ ಲಾಭದಲ್ಲಿ ತಮಗೆ ಪಾಲು ಬೇಡವೆಂದು ಕೆಲವೇ ವರ್ಷಗಳಲ್ಲಿ ಹೊರಬಂದು, 1859ರಲ್ಲಿ ಹತ್ತಿ ವ್ಯಾಪಾರಕ್ಕೆ ತಮ್ಮದೇ ಕಂಪನಿ ತೆರೆದರು.

ರಾಜಕೀಯದಲ್ಲೂ ಅವರು ಕಿರ್ದಿಯನ್ನು ಕೈಬಿಡಲಿಲ್ಲ. ದೇಶದಿಂದ ಹೋಗುವ ಮಾಲು ಬರುವ ಮಾಲಿಗಿಂತ ಹೆಚ್ಚಿದ್ದರೂ ಅದರ ಹಣ ಏಕೆ ಮರಳುತ್ತಿಲ್ಲ ಎಂದು ಕೇಳಿದರು. ಅಧಿಕಾರಿಗಳ ಸಂಬಳ, ಪಿಂಚಣಿಗಳ ರೂಪದಲ್ಲಿ ಸಂಪತ್ತು ಇಂಗ್ಲೆಂಡಿಗೆ ಸೋರುತ್ತಿದೆ ಎಂದು ತೋರಿಸಿದರು. ಸರ್ಕಾರದ್ದೇ ಅಂಕಿಗಳನ್ನು ಕೂಡಿಸಿ ಭಾರತೀಯನೊಬ್ಬನ ವರ್ಷದ ಆದಾಯ 20 ರೂಪಾಯಿ ಎಂದು 1876ರಲ್ಲಿ ಮುಂದಿಟ್ಟ ಅವರು, ಜೈಲಿನ ಕೈದಿಯ ಊಟ-ಬಟ್ಟೆಗೆ ಸರ್ಕಾರ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿರುವುದನ್ನು ಪಕ್ಕದಲ್ಲೇ ಬರೆದರು. ಆ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ನಮ್ಮ ಅಂಗಡಿಯ ಮುಂದೆ ತೂಗುವ ಪಾನ್ ಮಸಾಲಾ ಸರ, ಜರ್ದಾ ಸರಗಳನ್ನು ನೀನು ನೋಡಿದ್ದೀಯ. ಕೂಲಿಗೆ ಹೋಗುವ ಹುಡುಗನೊಬ್ಬ ದಿನವೂ ಒಂದೊಂದನ್ನು ಹರಿದು, ಅಂಗೈಯಲ್ಲಿ ಬೆರೆಸಿಕೊಂಡು ಹೋಗುತ್ತಾನೆ. ಮೊನ್ನೆ ಬಾಳೆಹಣ್ಣು ಕೊಂಡವನು ಅದನ್ನು ಉಗುರಿನಿಂದ ಚೂರು ಚೂರು ಮಾಡಿ ತಿನ್ನುತ್ತಿದ್ದ. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ತಿಂದು ಮುಗಿಸಿ ಮತ್ತೆ ಸರಕ್ಕೆ ಕೈ ಹಾಕಿದ. ನಾನು ಚಿಲ್ಲರೆ ಎಣಿಸಿ ಕೊಟ್ಟೆ. ಅಂಗಡಿಯ ಬಾಡಿಗೆ ಹುಟ್ಟುವುದು ಆ ಎರಡು ಸರಗಳಿಂದಲೇ ಎಂಬುದನ್ನು ಮನೆಯವಳಿಗೂ ಹೇಳಿಲ್ಲ. ಅವು ಇವತ್ತೂ ಅಲ್ಲೇ ತೂಗುತ್ತಿವೆ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ದೀಪಾವಳಿಗೆ ಬಾ, ಪುಸ್ತಕ ತೆಗೆದುಕೊಂಡು ಹೋಗು. ಕಡಲೆಮಿಠಾಯಿಯ ಡಬ್ಬಿ ತುಂಬಿಸಿಟ್ಟಿದ್ದೇನೆ. ಈ ಸಲವಾದರೂ ಅದು ದಾರಿಯಲ್ಲೇ ಖಾಲಿಯಾಗದೆ ಅರಸೀಕೆರೆ ದಾಟಲಿ.

ನಿನ್ನ ಗೆಳೆಯ